ಹಲ್ಲು ಬಿಳಿ ಮಾಡಿಸಿದರೆ ಜುಮ್ ಅನ್ನುವುದು: ಯಾವ ದಾರಿ ಯಾರಿಗೆ ಸರಿ?

ತಂಗಿಯ ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಅವಳು ಒಂದೇ ಸಲಕ್ಕೆ ಹಲ್ಲು ಬಿಳಿ ಮಾಡಿಸಿಕೊಂಡಳು. ಇಬ್ಬರೂ ತೀರ್ಥಹಳ್ಳಿ ಬಸ್ಸು ಹತ್ತಿದೆವು. ಡಿಸೆಂಬರ್ ಸಂಜೆ. ಸಕ್ರೆಬೈಲು ದಾಟುವ ಹೊತ್ತಿಗೆ ಅವಳು ಕಿಟಕಿಯ ಗಾಜು ಎಳೆದಳು. ಮಂಡಗದ್ದೆ ಬರುವಾಗ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. "ಅಕ್ಕಾ, ಗಾಳಿ ತಾಗಿದ್ರೂ ಹಲ್ಲೊಳಗೆ ಕರೆಂಟ್ ಹೊಡ್ದ ಹಾಗೆ ಆಗ್ತಿದೆ ಮಾರಾಯ್ತಿ" ಅಂದಳು. ರಾತ್ರಿ ಊಟಕ್ಕೆ ಕೂತಾಗ ನೀರಿನ ಲೋಟ ಮುಟ್ಟಲಿಲ್ಲ. ಅನ್ನವನ್ನು ಎಡದವಡೆಯಲ್ಲೇ ನಿಧಾನಕ್ಕೆ ನುರಿಸಿದಳು.

ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ಎಲ್ಲರಿಗೂ ಆಗುತ್ತೆ, ಎರಡು ದಿನದಲ್ಲಿ ಹೋಗುತ್ತೆ" ಅಂದರು. ಹೋಯಿತು, ನಿಜ. ಆದರೆ ಅವಳ ಕೆಳಗಿನ ಎರಡು ಹಲ್ಲಿನ ವಸಡು ಜಾರಿ ಬೇರು ಕಾಣುತ್ತಿತ್ತು. ಅದನ್ನು ಯಾರೂ ಮೊದಲು ನೋಡಿರಲಿಲ್ಲ. ಹೀಗೆ ನೋವು ಬರಬಹುದು ಅಂತ ಹೇಳಿರಲೂ ಇಲ್ಲ. ನನಗೆ ಇವತ್ತಿಗೂ ಬೇಸರ ಇರುವುದು ಅದಕ್ಕೆ.

ಆಮೇಲೆ ಈ ವಿಷಯ ನನ್ನನ್ನು ಬಿಡಲಿಲ್ಲ. ಓದಿದೆ. ಪರಿಚಯದ ಹಲ್ಲಿನ ಡಾಕ್ಟರ ಹತ್ತಿರ ಕೂತು ಕೇಳಿದೆ. ಮರುವರ್ಷ ನಾನೇ ನಿಧಾನದ ದಾರಿಯಲ್ಲಿ, ಮನೆಯಲ್ಲಿ ಬಿಳಿ ಮಾಡುವ ಜೆಲ್ ತುಂಬಿದ ಟ್ರೇಯನ್ನು ಹಲ್ಲಿಗೆ ಹಾಕಿಕೊಂಡು ಹಲ್ಲು ಬಿಳಿ ಮಾಡಿಕೊಂಡೆ. ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಜುಮ್ ಎಷ್ಟು ಬರುತ್ತದೆ ಅನ್ನುವುದು ಹೆಚ್ಚಿನ ಪಾಲು ಮೊದಲೇ ತೀರ್ಮಾನ ಆಗಿರುತ್ತದೆ. ಹಲ್ಲು ಈಗ ಹೇಗಿದೆ, ಜೆಲ್ ಎಷ್ಟು ಖಾರದ್ದು, ಎಷ್ಟು ಹೊತ್ತು ಇಡುತ್ತೀರಿ, ಎರಡು ವಾರ ಮುಂಚೆ ಯಾವ ಪೇಸ್ಟ್ ಹಚ್ಚಿದ್ದೀರಿ, ಇವೇ ಮುಖ್ಯ. ನೋವು ಶುರುವಾದ ಮೇಲೆ ಮಾಡುವುದೆಲ್ಲ ಅರ್ಧ ಕೆಲಸ.

ಒಳಗೆ ಏನಾಗುತ್ತದೆ

ಬೆತ್ತದ ಕೋಲನ್ನು ಅಡ್ಡ ಕತ್ತರಿಸಿ ನೋಡಿದ್ದೀರಾ? ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಿಕ್ಕಿರಿದಿರುತ್ತವೆ. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮೆಲ್. ಅದರ ಕೆಳಗಿರುವ ಡೆಂಟಿನ್ ಈ ಬೆತ್ತದ ಹಾಗೆಯೇ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಹತ್ತಾರು ಸಾವಿರ ಕೊಳವೆಗಳು, ಅವುಗಳಲ್ಲಿ ದ್ರವ. ತಣ್ಣೀರು ತಾಗಿದಾಗ ಆ ದ್ರವ ಸರಕ್ಕನೆ ಅಲುಗುತ್ತದೆ, ಒಳಗಿನ ನರಕ್ಕೆ ಅದು ತಿಳಿಯುತ್ತದೆ. ಸ್ವೀಡನ್ನಿನ ಬ್ರಾನ್‌ಸ್ಟ್ರಾಮ್ 1960ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ವಿವರಿಸಿದರು. ವಸಡು ಜಾರಿದವರಿಗೆ, ಗಟ್ಟಿಯಾಗಿ ಉಜ್ಜಿ ಹಲ್ಲು ಸವೆಸಿಕೊಂಡವರಿಗೆ ಬರುವ ಜುಮ್ ಈ ಬಗೆಯದು.

ಬಿಳಿ ಮಾಡುವ ಜೆಲ್ಲಿನಿಂದ ಬರುವ ಜುಮ್ ಸ್ವಲ್ಪ ಬೇರೆ. ಜೆಲ್ಲಿನಲ್ಲಿ ಬಣ್ಣ ತೆಗೆಯುವ ರಾಸಾಯನಿಕ ಪೆರಾಕ್ಸೈಡ್. ಅದರ ಅಣು ತುಂಬಾ ಚಿಕ್ಕದು. ಹಚ್ಚಿದ 5ರಿಂದ 15 ನಿಮಿಷದೊಳಗೆ ಅದು ಎನಾಮೆಲ್ ದಾಟಿ, ಡೆಂಟಿನ್ ದಾಟಿ, ಹಲ್ಲಿನ ನಡುವೆ ಇರುವ ತಿರುಳಿಗೆ ಮುಟ್ಟುತ್ತದೆ. ನರ, ರಕ್ತನಾಳ ಎಲ್ಲ ಇರುವುದು ಅಲ್ಲೇ. ಅಲ್ಲಿ ಸಣ್ಣದಾಗಿ ಉರಿಯೂತ ಎದ್ದು ನರ ಕೆರಳಿ ಕೂರುತ್ತದೆ. ಅದಕ್ಕೇ ಏನೂ ಕುಡಿಯದೆ ಸುಮ್ನೆ ಕೂತಿದ್ದಾಗಲೂ ಒಂದೊಂದು ಸಲ ಚುಳ್ ಅಂತ ಹೊಡೆಯುವುದು. ಮೊದಲ 24ರಿಂದ 48 ಗಂಟೆ ಇದರ ಜೋರು ಜಾಸ್ತಿ. ಜೆಲ್ ನಿಲ್ಲಿಸಿದ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಮೇಲಿನ ಸಾಲಿನಲ್ಲಿ ಮಧ್ಯದ ಎರಡು ಹಲ್ಲಿನ ಪಕ್ಕದವು ಮತ್ತು ಕೆಳಗಿನ ಮುಂದಿನ ಸಣ್ಣ ಹಲ್ಲುಗಳು ತೆಳ್ಳಗಿರುತ್ತವೆ. ಮೊದಲು ಕೂಗುವುದು ಅವೇ.

ಈ ಎರಡು ಜುಮ್‌ಗಳ ವ್ಯತ್ಯಾಸ ನೆನಪಿನಲ್ಲಿರಲಿ. ಪೇಸ್ಟ್ ಆರಿಸುವಾಗ ಇದೇ ಕೆಲಸಕ್ಕೆ ಬರುತ್ತದೆ.

ಮೊದಲು, ಬಿಳಿ ಮಾಡಿಸುವುದು ಬೇಕೇ ಬೇಕಾ?

ನಮ್ಮ ಕಡೆಯವರಿಗೆ ಇದನ್ನು ಒತ್ತಿ ಹೇಳಬೇಕು. ಕೊನೆಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಕೈ ನೋಡಿ. ಬೆರಳುಗಳೆಲ್ಲ ಕಪ್ಪು. ಎಷ್ಟು ಸೋಪು ಹಚ್ಚಿದರೂ ಚೊಗರಿನ ಕಲೆ ಅವತ್ತೇ ಹೋಗುವುದಿಲ್ಲ. ಎಲೆಅಡಿಕೆ ಹಾಕುವವರ ಹಲ್ಲಿನ ಮೇಲೆ ಕೂರುವುದೂ ಅದೇ ಚೊಗರು. ಕಾಫಿ, ಟೀ, ಹೊಗೆಸೊಪ್ಪಿನ ಕಲೆಯೂ ಹೀಗೇ ಮೇಲ್ಮೈಯಲ್ಲಿ, ಹಲ್ಲುಗಾರೆಯ ಜೊತೆ ಸೇರಿಕೊಂಡು ಇರುತ್ತದೆ. ಇದಕ್ಕೆ ಪೆರಾಕ್ಸೈಡ್ ಬೇಕಿಲ್ಲ. ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಿ ಪಾಲಿಶ್ ಮಾಡಿಸಿದರೆ ಬಹುಪಾಲು ಹೋಗುತ್ತದೆ.

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಅಂತ ನಮ್ಮ ದೊಡ್ಡಮ್ಮ ಹೇಳುತ್ತಿದ್ದರು. ಗಾರೆ ಕಟ್ಟಿ ವಸಡು ಹಾಳಾದಾಗ ಹಲ್ಲು ಆಗಲೇ ಸಡಿಲ ಆಗಿರುತ್ತದೆ. ಅಲ್ಲಾಡದೆ ಹಿಡಿದು ನಿಲ್ಲಿಸಿರುವುದು ಆ ಗಾರೆ. ಅದನ್ನು ತೆಗೆದಾಗ ನಿಜಸ್ಥಿತಿ ಗೊತ್ತಾಗುತ್ತದೆ ಅಷ್ಟೆ. ಕ್ಲೀನಿಂಗ್ ಆದ ಮೇಲೂ ಕೆಲವು ದಿನ ತಣ್ಣೀರಿಗೆ ಜುಮ್ ಅನ್ನಬಹುದು, ಮುಚ್ಚಿದ್ದ ಬೇರು ತೆರೆದುಕೊಂಡಿರುತ್ತದೆ. ಹಾಗಾಗಿ ಕ್ಲೀನಿಂಗಿನ ದಿನವೇ ಬ್ಲೀಚಿಂಗ್, ಅಂದರೆ ಜೆಲ್ ಹಚ್ಚಿ ಬಿಳಿ ಮಾಡುವುದು, ಕೂಡ ಮುಗಿಸೋಣ ಅಂದರೆ ಒಪ್ಪಬೇಡಿ. ಒಂದೆರಡು ವಾರ ಬಿಡಿ. ಕನ್ನಡಿಯಲ್ಲಿ ನೋಡಿಕೊಳ್ಳಿ. ಇಷ್ಟು ಸಾಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಜುಮ್ ಅನ್ನುವ ಸಮಸ್ಯೆಗೆ ಇದಕ್ಕಿಂತ ಒಳ್ಳೆ ಪರಿಹಾರ ಇಲ್ಲ.

ಕ್ಲೀನಿಂಗ್ ಆದ ಮೇಲೂ ಹಲ್ಲು ಒಳಗಿನಿಂದಲೇ ಹಳದಿ ಕಂಡರೆ, ಅದು ವಯಸ್ಸಿನಿಂದ ಬಂದದ್ದು ಅಥವಾ ಹುಟ್ಟು ಬಣ್ಣ. ಹಳದಿ ಹಲ್ಲಿಗೆ ಪೆರಾಕ್ಸೈಡ್ ಚೆನ್ನಾಗಿ ಹತ್ತುತ್ತದೆ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ತಿಂದು ಬೂದು ಬಣ್ಣ ಬಂದಿದ್ದರೆ ತಿಂಗಳುಗಟ್ಟಲೆ ಬೇಕು. ಹಾಕಿಸಿದ ಕ್ಯಾಪು, ಸಿಮೆಂಟು ಬಣ್ಣ ಬದಲಿಸುವುದಿಲ್ಲ. ಮುಂದಿನ ಹಲ್ಲಿನಲ್ಲಿ ಕ್ಯಾಪ್ ಇರುವವರು ಇದನ್ನು ಮೊದಲೇ ಯೋಚಿಸಬೇಕು.

ಕುರ್ಚಿಯಲ್ಲೋ, ಮನೆಯಲ್ಲೋ, ಪೆಟ್ಟಿಗೆ ತರಿಸಿಯೋ

ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಾಡುವುದು ಒಂದು. ವಸಡಿನ ಮೇಲೆ ರಕ್ಷಣೆಯ ಪದರ ಹಚ್ಚಿ, 35 ಅಥವಾ 40 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ಲನ್ನು ಎರಡು ಮೂರು ಸಲ ಬಳಿದು ತೆಗೆಯುತ್ತಾರೆ. ಒಂದು, ಒಂದೂವರೆ ಗಂಟೆಯ ಕೆಲಸ. ಖರ್ಚು ಹೆಚ್ಚು, ಜುಮ್ ಕೂಡ ಹೆಚ್ಚು. ನೀಲಿ ಲೈಟ್ ಹಿಡಿಯುತ್ತಾರಲ್ಲ, ಅದರಿಂದ ಕೊನೆಗೆ ಬರುವ ಬಿಳುಪು ಹೇಳಿಕೊಳ್ಳುವಷ್ಟು ಜಾಸ್ತಿ ಆಗುವುದಿಲ್ಲ. ಜುಮ್ ಜಾಸ್ತಿ ಆಗಬಹುದು. ಲೈಟ್ ಇಲ್ಲದೆ ಮಾಡಿ ಅಂತ ಕೇಳಿದರೆ ತಪ್ಪಿಲ್ಲ. ಇನ್ನೊಂದು ವಿಷಯ: ಎದ್ದು ಕನ್ನಡಿ ನೋಡಿದಾಗ ಕಾಣುವ ಬಿಳುಪಿನಲ್ಲಿ ಒಂದು ಪಾಲು ಹಲ್ಲು ಒಣಗಿದ್ದರಿಂದ ಬಂದದ್ದು. ಹಲ್ಲು ಮತ್ತೆ ತೇವ ಹೀರಿದ ಮೇಲೆ, ಕೆಲವು ದಿನಗಳಲ್ಲಿ, ಬಣ್ಣ ಒಂದು ಮೆಟ್ಟಿಲು ಇಳಿಯುತ್ತದೆ. ತಂಗಿ ಮದುವೆಯ ಫೋಟೋ ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ.

ಎರಡನೆಯದು ಡಾಕ್ಟರು ಅಚ್ಚು ತೆಗೆದು ನಮ್ಮ ಹಲ್ಲಿಗೆ ತಕ್ಕಂತೆ ಮಾಡಿಕೊಡುವ ತೆಳು ಪ್ಲಾಸ್ಟಿಕ್ ಟ್ರೇ. ಜೊತೆಗೆ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ಲಿನ ಸಿರಿಂಜ್. ಈ 10 ಶೇಕಡಾ ಒಡೆದು ಹೊರಬರುವ ಹೈಡ್ರೋಜನ್ ಪೆರಾಕ್ಸೈಡ್ ಸುಮಾರು 3.5 ಶೇಕಡಾ ಮಾತ್ರ. ಕುರ್ಚಿಯಲ್ಲಿ ಬಳಿಯುವ 35ರ ಹತ್ತನೇ ಒಂದು ಪಾಲು! ರಾತ್ರಿ ಹಾಕಿಕೊಂಡು ಮಲಗುವುದು, ಇಲ್ಲವೇ ಸಂಜೆ ಎರಡು ಗಂಟೆ ಇಟ್ಟುಕೊಳ್ಳುವುದು. ಹೀಗೆ ಎರಡು ವಾರ. ಅಮೆರಿಕದ ಹೇವುಡ್ ಮತ್ತು ಹೇಮನ್ ಅನ್ನುವ ಇಬ್ಬರು ದಂತ ತಜ್ಞರು 1989ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಜಾಸ್ತಿ ಪರೀಕ್ಷೆಗೆ ಒಳಗಾಗಿರುವುದೂ ಇದೇ. ಕೊನೆಯ ಬಣ್ಣ ಕುರ್ಚಿಯಲ್ಲಿ ಮಾಡಿಸಿದ್ದಕ್ಕೆ ಕಡಿಮೆ ಇರುವುದಿಲ್ಲ. ಕಾಯಬೇಕು, ಅಷ್ಟೆ. 16, 20, 22 ಶೇಕಡಾ ಜೆಲ್ಲೂ ಸಿಗುತ್ತದೆ. ಬೇಗ ಕೆಲಸ ಆಗುತ್ತದೆ, ಜುಮ್ ಕೂಡ ಏರುತ್ತದೆ. ಮೊದಲ ಸಲದವರು 10ರಲ್ಲೇ ಇರಿ ಅನ್ನುವುದು ನನ್ನ ಮಾತು.

ಟ್ರೇಯ ಇನ್ನೊಂದು ದೊಡ್ಡ ಅನುಕೂಲ, ಹಿಡಿತ ನಮ್ಮ ಕೈಯಲ್ಲಿರುತ್ತದೆ. ಜುಮ್ ಅನ್ನಿಸಿದ ರಾತ್ರಿ ತೆಗೆದಿಟ್ಟು ಮಲಗಬಹುದು. ಕುರ್ಚಿಯಲ್ಲಿ ಒಮ್ಮೆ ಒಳಗಿಳಿದ ಪೆರಾಕ್ಸೈಡನ್ನು ವಾಪಸ್ ತೆಗೆಯಲು ಆಗುವುದಿಲ್ಲ.

ಮೂರನೆಯದು ಆನ್‌ಲೈನ್‌ನಲ್ಲಿ ತರಿಸುವ ಪಟ್ಟಿ, ಪೆನ್ನು, ಲೈಟಿನ ಕಿಟ್. ಎಲ್ಲರ ಬಾಯಿಗೂ ಒಂದೇ ಅಳತೆ. ಜೆಲ್ ವಸಡಿನ ಮೇಲೆ ಹರಿದು ಬಿಳಿಚಿ ಉರಿಯುತ್ತದೆ. ಪೆಟ್ಟಿಗೆಯ ಮೇಲೆ ಪೆರಾಕ್ಸೈಡ್ ಎಷ್ಟು ಶೇಕಡಾ ಅಂತ ಅಚ್ಚಾಗಿಲ್ಲದಿದ್ದರೆ ಮುಟ್ಟಲೇಬೇಡಿ. ಯುರೋಪಿನಲ್ಲಿ 0.1 ಶೇಕಡಾಕ್ಕಿಂತ ಹೆಚ್ಚಿನದನ್ನು ಹಲ್ಲಿನ ಡಾಕ್ಟರಿಗೆ ಮಾತ್ರ ಮಾರಬೇಕು, 6 ಶೇಕಡಾ ದಾಟಲೇಬಾರದು ಅಂತ ನಿಯಮ ಇದೆ. ಅಷ್ಟು ಎಚ್ಚರ ವಹಿಸುವ ವಸ್ತು ಇದು. ಗಾಯ ತೊಳೆಯುವ ಪೆರಾಕ್ಸೈಡ್ ಬಾಟಲಿಯಿಂದ ಬಾಯಿ ಮುಕ್ಕಳಿಸುವವರೂ ಇದ್ದಾರೆ. ಖಂಡಿತ ಬೇಡ.

ಪೇಸ್ಟ್ ಆರಿಸುವಾಗ ಹಿಂಭಾಗ ಓದಿ

ಸೆನ್ಸಿಟಿವ್ ಪೇಸ್ಟ್ ಅಂದರೆ ಎಲ್ಲ ಒಂದೇ ಅಂತ ನಾನೂ ಅಂದುಕೊಂಡಿದ್ದೆ. ಅಂಗಡಿಯಲ್ಲಿ ನಿಂತು ನಾಲ್ಕು ಪೆಟ್ಟಿಗೆ ತಿರುಗಿಸಿ ನೋಡಿದಾಗ ಗೊತ್ತಾಯಿತು, ಒಂದೇ ಕಂಪನಿಯ ಬೇರೆ ಬೇರೆ ಬಣ್ಣದ ಪೆಟ್ಟಿಗೆಯಲ್ಲಿ ಬೇರೆ ಬೇರೆ ಔಷಧಿ. ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಬೇಕು.

ಇವುಗಳಲ್ಲಿ ಎರಡು ಜಾತಿ. ಒಂದು ನರವನ್ನು ಸಮಾಧಾನ ಮಾಡುವುದು, ಪೊಟ್ಯಾಸಿಯಂ ನೈಟ್ರೇಟ್. ಸಾಮಾನ್ಯವಾಗಿ 5 ಶೇಕಡಾ ಇರುತ್ತದೆ. ಇದು ಕೊಳವೆಯ ಮೂಲಕ ಒಳಗೆ ಇಳಿದು, ನರ ಸುಲಭಕ್ಕೆ ಕೆರಳದ ಹಾಗೆ ಮಾಡುತ್ತದೆ. ಎರಡನೆಯ ಜಾತಿ ಕೊಳವೆಯ ಬಾಯಿ ಮುಚ್ಚುವುದು. ಆರ್ಜಿನಿನ್, ಸ್ಟ್ರಾನ್ಶಿಯಂ, ಸ್ಟಾನಸ್ ಫ್ಲೋರೈಡ್, ಪೆಟ್ಟಿಗೆಯ ಮೇಲೆ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್ ಅಂತ ಬರೆದಿರುವ ನೋವಾಮಿನ್, ಇವೆಲ್ಲ ಆ ಗುಂಪಿನವು.

ವಸಡು ಜಾರಿ ಬೇರು ಕಾಣುವವರಿಗೆ ಮುಚ್ಚುವ ಜಾತಿ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿ ನುಗ್ಗುವ ಬಾಗಿಲು ಹಾಕಿದ ಹಾಗೆ. ಆದರೆ ಬ್ಲೀಚಿಂಗಿನ ಜುಮ್ ಬರುವುದು ಗಟ್ಟಿ ಎನಾಮೆಲ್ ಇರುವ ಹಲ್ಲಿನಲ್ಲೂ, ಒಳಗೆ ನರವೇ ಕೆರಳಿರುವುದರಿಂದ. ಅಲ್ಲಿ ಬಾಗಿಲು ಮುಚ್ಚಿ ಪ್ರಯೋಜನ ಕಡಿಮೆ. ಒಳಗಿನವರನ್ನು ಸಮಾಧಾನ ಮಾಡಬೇಕು. ಅದಕ್ಕೇ ಹಲ್ಲು ಬಿಳಿ ಮಾಡಿಸುವವರಿಗೆ ನನ್ನ ಮೊದಲ ಆಯ್ಕೆ ಪೊಟ್ಯಾಸಿಯಂ ನೈಟ್ರೇಟ್, ಜೊತೆಗೆ ಫ್ಲೋರೈಡ್ ಇರುವುದು. ವಸಡೂ ಜಾರಿದೆ, ಬ್ಲೀಚಿಂಗೂ ಬೇಕು ಅನ್ನುವವರು ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ಎರಡು ಜಾತಿಯ ಪೇಸ್ಟನ್ನೂ ಬಳಸಬಹುದು. ಸ್ಟಾನಸ್ ಫ್ಲೋರೈಡ್ ಕೆಲವರಿಗೆ ಸಣ್ಣ ಕಂದು ಕಲೆ ತರುತ್ತದೆ. ಬಿಳುಪಿಗೆ ದುಡ್ಡು ಕೊಟ್ಟವರು ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಒಂದು ಮಾತು. ಪೊಟ್ಯಾಸಿಯಂ ನೈಟ್ರೇಟ್ ಅವಸರದ ಮದ್ದಲ್ಲ. ದಿನಕ್ಕೆ ಎರಡು ಸಲ, ಎರಡು ವಾರ ಹಚ್ಚಿದ ಮೇಲೆ ಅದರ ಗುಣ ಗೊತ್ತಾಗುತ್ತದೆ. ಬ್ಲೀಚಿಂಗಿನ ಹಿಂದಿನ ದಿನ ಟ್ಯೂಬು ಕೊಂಡು ತಂದರೆ ಏನೂ ಪ್ರಯೋಜನ ಆಗುವುದಿಲ್ಲ. ಉಜ್ಜಿದ ಮೇಲೆ ನೊರೆ ಉಗಿಯಿರಿ, ಆದರೆ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ಮದ್ದು ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಉಳಿಯಲಿ. ನಮ್ಮ ಮನೆಯಲ್ಲಿ ಈ ಅಭ್ಯಾಸ ತರಿಸಲು ನನಗೆ ವಾರ ಹಿಡಿಯಿತು. ಚೆನ್ನಾಗಿ ಮುಕ್ಕಳಿಸದಿದ್ದರೆ ಹಲ್ಲುಜ್ಜಿದ ಹಾಗೇ ಅಲ್ಲ ಅಂತ ಅಮ್ಮನಿಗೆ!

ಡಾಕ್ಟರ ಕೈಯಲ್ಲಿರುವುದು ಫ್ಲೋರೈಡ್ ವಾರ್ನಿಶ್. 5 ಶೇಕಡಾ ಸೋಡಿಯಂ ಫ್ಲೋರೈಡ್ ಇರುವ ಅಂಟು ದ್ರವವನ್ನು ಕುಂಚದಲ್ಲಿ ಬಳಿಯುತ್ತಾರೆ. ಕೆಲವೇ ನಿಮಿಷದ ಕೆಲಸ. ಕುರ್ಚಿಯಲ್ಲೇ ಬ್ಲೀಚಿಂಗ್ ಮಾಡಿಸುವುದು ಅನಿವಾರ್ಯ ಅನ್ನುವವರು ಮುಗಿದ ಕೂಡಲೆ ಇದನ್ನು ಹಚ್ಚುತ್ತೀರಾ ಅಂತ ಮೊದಲೇ ಕೇಳಿ. ಹಾಲಿನ ಪ್ರೋಟೀನಿನಿಂದ ಮಾಡಿದ ಕ್ಯಾಲ್ಸಿಯಂ ಕ್ರೀಮನ್ನೂ ಕೆಲವರು ಕೊಡುತ್ತಾರೆ. ಹಾಲು ಅಲರ್ಜಿ ಇದ್ದವರಿಗೆ ಅದು ಆಗದು.

ಟ್ರೇ ಹಾಕಿಕೊಂಡ ರಾತ್ರಿಗಳು

ನಾನು ಮಾಡಿದ್ದನ್ನೇ ಹೇಳುತ್ತೇನೆ. ಜೆಲ್ಲಿನ ಸಿರಿಂಜ್ ಫ್ರಿಜ್ಜಿನಲ್ಲಿತ್ತು. ಮೊದಲ ರಾತ್ರಿ ತೆಗೆದವಳೇ ಹಾಗೇ ಟ್ರೇಗೆ ಹಾಕಿ ಬಾಯಿಗಿಟ್ಟೆ. ನಮ್ಮೂರ ಚಳಿ, ಮೇಲೆ ತಣ್ಣನೆ ಜೆಲ್. ತಲೆಯವರೆಗೆ ಜುಮ್ ಅಂದಿತು. ಮರುದಿನದಿಂದ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿಟ್ಟು, ಹಾಕುವ ಮುನ್ನ ಸಿರಿಂಜನ್ನು ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿಕೊಳ್ಳುತ್ತಿದ್ದೆ. ಒಂದೊಂದು ಹಲ್ಲಿನ ಗುಳಿಗೆ ಒಂದು ಅಕ್ಕಿಕಾಳಿನಷ್ಟು ಜೆಲ್ ಸಾಕು. ಜಾಸ್ತಿ ಹಾಕಿದರೆ ಉಕ್ಕಿ ವಸಡಿಗೆ ಬರುತ್ತದೆ. ಉಕ್ಕಿದ್ದನ್ನು ಒದ್ದೆ ಹತ್ತಿಯಲ್ಲಿ ಒರೆಸಿ ಮಲಗಬೇಕು. ಟ್ರೇಯ ಅಂಚು ವಸಡಿಗೆ ಒತ್ತುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ ಸವರಿಸಿಕೊಂಡು ಬನ್ನಿ. ಎಷ್ಟೋ ಸಲ ನಾವು ಜೆಲ್ಲಿಗೆ ಬೈಯುತ್ತೇವೆ, ತೊಂದರೆ ಇರುವುದು ಅಂಚಿನಲ್ಲಿ.

ನಾಲ್ಕನೇ ದಿನ ಬೆಳಿಗ್ಗೆ ಬಚ್ಚಲ ನಲ್ಲಿಯ ನೀರಿಗೆ ಕೆಳಗಿನ ಹಲ್ಲು ಚುಳ್ ಅಂದವು. ಡಾಕ್ಟರು ಹೇಳಿದ್ದು ಸರಳ: ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಹಾಕಿ. ಇಡೀ ರಾತ್ರಿಯ ಬದಲು ಎರಡು ಗಂಟೆ ಇಡಿ. ಈ ಜೆಲ್ಲಿನ ಶಕ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ ಮೊದಲ ಎರಡು ಗಂಟೆಯಲ್ಲೇ ಖರ್ಚಾಗುತ್ತದೆ, ಹಾಗಾಗಿ ನಷ್ಟ ದೊಡ್ಡದಲ್ಲ. ಬಿಡುವಿನ ರಾತ್ರಿಗಳಲ್ಲಿ ಅದೇ ಟ್ರೇಗೆ ಪೊಟ್ಯಾಸಿಯಂ ನೈಟ್ರೇಟ್ ಜೆಲ್ ಹಾಕಿ 10ರಿಂದ 30 ನಿಮಿಷ ಇಟ್ಟುಕೊಳ್ಳಲು ಹೇಳಿದರು. ಈ ಉಪಾಯ ನನಗೆ ತುಂಬಾ ಸಹಾಯ ಮಾಡಿತು. ಇದಕ್ಕೆ ಮಾಮೂಲಿ ಪೇಸ್ಟನ್ನೇ ತುಂಬುವವರಿದ್ದಾರೆ. ಕೆಲವು ಪೇಸ್ಟಿನ ನೊರೆಯ ಅಂಶ ವಸಡಿಗೆ ಉರಿ ತರುತ್ತದೆ. ಕೇಳಿಕೊಂಡು ಮಾಡಿ. ಎರಡು ವಾರದ ಕೆಲಸಕ್ಕೆ ನನಗೆ ನಾಲ್ಕು ವಾರ ಹಿಡಿಯಿತು. ಬಣ್ಣದಲ್ಲಿ ಏನೂ ಕಡಿಮೆ ಆಗಲಿಲ್ಲ.

ನೋವಿನ ಮಾತ್ರೆಯ ವಿಷಯ ಚಿಕ್ಕದು. ಕುರ್ಚಿಯಲ್ಲಿ ಮಾಡಿಸಿದ ರಾತ್ರಿ ತೀರಾ ನೋವಿದ್ದರೆ ಡಾಕ್ಟರು ಹೇಳಿದ ಮಾತ್ರೆ ತೆಗೆದುಕೊಳ್ಳಿ. ದಿನವೂ ಮಾತ್ರೆ ನುಂಗಿಕೊಂಡು ಬ್ಲೀಚಿಂಗ್ ಮುಂದುವರಿಸುವ ಪರಿಸ್ಥಿತಿ ಬಂದರೆ ನಿಲ್ಲಿಸಬೇಕಾದ್ದು ಬ್ಲೀಚಿಂಗ್.

ಅಡುಗೆಮನೆಯ ಮದ್ದು, ಅಡುಗೆಮನೆಯ ಹುಳಿ

ಲವಂಗದ ಎಣ್ಣೆ ಹುಳುಕು ಹಲ್ಲಿನ ನೋವಿಗೆ ಮರಗಟ್ಟಿಸುತ್ತದೆ, ನಿಜ. ಆದರೆ ಗಟ್ಟಿ ಎನಾಮೆಲ್ ದಾಟಿ ಒಳಗೆ ಹೋಗಿ ಈ ಜುಮ್ ತಗ್ಗಿಸುವ ಕೆಲಸ ಅದರಿಂದ ಆಗುವುದಿಲ್ಲ. ಈಗಾಗಲೇ ಕೆರಳಿದ ವಸಡಿಗೆ ತಾಗಿದರೆ ಸುಡುತ್ತದೆ. ಉಪ್ಪು ನೀರು ವಸಡಿಗೆ ಹಿತ, ಹಲ್ಲಿನ ಜುಮ್‌ಗೆ ಅಷ್ಟಕ್ಕಷ್ಟೆ. ಕೊಬ್ಬರಿ ಎಣ್ಣೆ ಮುಕ್ಕಳಿಸುವುದರಿಂದ ಕೆಡುಕಿಲ್ಲ. ಹಲ್ಲು ಅದರಿಂದ ಬಿಳಿ ಆಗುತ್ತದೆ ಅಂತ ಮಾತ್ರ ನಂಬಬೇಡಿ.

ನಿಜವಾಗಿ ಹಾಳು ಮಾಡುವುದು ಇದ್ದಿಲು ಪುಡಿ, ಉಮಿಕರಿ ಮತ್ತು ನಿಂಬೆರಸಕ್ಕೆ ಸೋಡ ಕಲಸಿ ಉಜ್ಜುವುದು. ಅಜ್ಜಿ ಉಮಿಕರಿಯಲ್ಲಿ ಹಲ್ಲುಜ್ಜುತ್ತಿದ್ದರು, ಹಲ್ಲು ಹೊಳೆಯುತ್ತಿತ್ತು. ವಯಸ್ಸಾದ ಮೇಲೆ ಅದೇ ಹಲ್ಲಿನ ಬುಡದಲ್ಲಿ ಗಾಡಿ ಓಡಿದ ಗುರುತಿನ ಹಾಗೆ ಸವೆದ ಗೆರೆ ಇದ್ದದ್ದೂ ನನಗೆ ನೆನಪಿದೆ. ಬಿಸಿನೀರು ಬಿಟ್ಟು ಬೇರೆ ಕುಡಿಯುತ್ತಿರಲಿಲ್ಲ. ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಎನಾಮೆಲ್ ತೆಳ್ಳಗಾದಷ್ಟೂ ಕೆಳಗಿನ ಹಳದಿ ಡೆಂಟಿನ್ ಜಾಸ್ತಿ ಕಾಣುತ್ತದೆ.

ಊಟದಲ್ಲಿ ಗಮನಿಸಬೇಕಾದ್ದು ಹುಳಿ. ನಮ್ಮ ಮಲೆನಾಡಿನ ಅಡುಗೆಯಲ್ಲಿ ಅದಕ್ಕೆ ಬರವಿಲ್ಲ ಅಲ್ವಾ? ಅಪ್ಪೆಮಿಡಿ, ಮುರುಗಲು ಸಾರು, ಅಮಟೆಕಾಯಿ, ವಾಟೆಹುಳಿ. ಹುಳಿ ಎನಾಮೆಲ್ಲನ್ನು ತಾತ್ಕಾಲಿಕವಾಗಿ ಮೆದು ಮಾಡುತ್ತದೆ, ಕೊಳವೆಯ ಬಾಯಿಯನ್ನೂ ತೆರೆಯುತ್ತದೆ. ಬ್ಲೀಚಿಂಗ್ ನಡೆಯುವ ದಿನಗಳಲ್ಲಿ ಇವನ್ನು ಕಡಿಮೆ ಮಾಡಿ. ಉಪ್ಪಿನಕಾಯಿ ಬಿಡಲಾಗದಿದ್ದರೆ ಅನ್ನದ ಜೊತೆ ಕಲಸಿ ತಿನ್ನಿ. ಮಿಡಿಯನ್ನು ಬಾಯಲ್ಲಿಟ್ಟು ಚೀಪುವುದು ಬೇಡ. ಹುಳಿ ತಿಂದ ಕೂಡಲೆ ಹಲ್ಲುಜ್ಜಬೇಡಿ, ಅರ್ಧ ಗಂಟೆ ಬಿಡಿ. ನೀರು ಉಗುರುಬೆಚ್ಚಗಿರಲಿ. ಕಷಾಯ ಕುಡಿಯಿರಿ, ಕುದಿಕುದಿ ಬೇಡ. ಬೆಳಿಗ್ಗೆ ಬೈಕಿನಲ್ಲಿ ಹೋಗುವವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಎಷ್ಟು ದಿನ ಇದೆ?

ಮದುವೆಗೆ ಒಂದೇ ವಾರ ಇದ್ದರೆ ಕ್ಲೀನಿಂಗ್ ಮತ್ತು ಪಾಲಿಶ್ ಮಾಡಿಸಿ ನಿಲ್ಲಿಸಿ. ಪೆರಾಕ್ಸೈಡಿನ ಹತ್ತಿರ ಹೋಗಬೇಡಿ. ಮದುವೆಯ ದಿನ ಪಾಯಸಕ್ಕೂ ಪಾನಕಕ್ಕೂ ಹೆದರಿಕೊಂಡು ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಎರಡು ತಿಂಗಳು ಇದ್ದರೆ ದಾರಿ ಸಲೀಸು. ಮೊದಲ ವಾರ ತಪಾಸಣೆ, ಕ್ಲೀನಿಂಗ್. ಅಲ್ಲಿಂದಲೇ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟ್ ಶುರು. ಎರಡು ವಾರ ಕಳೆದ ಮೇಲೆ ಟ್ರೇ. ಮದುವೆಗೆ ಎರಡು ವಾರ ಮುಂಚೆ ಎಲ್ಲ ಮುಗಿದಿರಲಿ, ಬಣ್ಣ ನೆಲೆ ನಿಲ್ಲಲು ಅಷ್ಟು ಬೇಕು. ಹೊಸ ಬಣ್ಣಕ್ಕೆ ಹೊಂದುವ ಸಿಮೆಂಟ್ ತುಂಬಿಸುವುದಿದ್ದರೂ ಆ ಎರಡು ವಾರ ಕಳೆದ ಮೇಲೆಯೇ. ಹುಳುಕು ಸರಿ ಮಾಡಿಸುವುದು ಮಾತ್ರ ಬ್ಲೀಚಿಂಗಿಗೆ ಮೊದಲು.

ಮೂರು, ನಾಲ್ಕು ವಾರ ಇರುವವರದ್ದೇ ಕಷ್ಟ. ಅವರಿಗೆ ನಾನು ಹೇಳುವುದು, ಮುಂದೆ ಕಾಣುವ ಮೇಲಿನ ಹಲ್ಲಿಗೆ ಮಾತ್ರ ಟ್ರೇ ಮಾಡಿಸಿಕೊಳ್ಳಿ, 10 ಶೇಕಡಾ ಜೆಲ್, ದಿನಕ್ಕೆ ಎರಡು ಗಂಟೆ. ನಕ್ಕಾಗ ಜಾಸ್ತಿ ಕಾಣುವುದು ಅವೇ. ಜೋರಾಗಿ ಜುಮ್ ಅನ್ನುವ ಕೆಳಗಿನ ಸಣ್ಣ ಹಲ್ಲುಗಳನ್ನು ಮದುವೆ ಕಳೆದ ಮೇಲೆ ನಿಧಾನಕ್ಕೆ ನೋಡಿಕೊಳ್ಳಬಹುದು.

ಯಾರಿಗೆ ಬೇಡ, ಯಾವಾಗ ಓಡಬೇಕು

ಬಸುರಿಯರು, ಹಾಲೂಡಿಸುವ ತಾಯಂದಿರು, 18 ತುಂಬದ ಮಕ್ಕಳು ಸದ್ಯಕ್ಕೆ ಬಿಟ್ಟುಬಿಡಿ. ಹುಳುಕು ಇದ್ದರೆ, ಹಲ್ಲು ಸೀಳಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಆ ಸಂದಿಯಿಂದ ಪೆರಾಕ್ಸೈಡ್ ನೇರ ಒಳಗೆ ಇಳಿಯುತ್ತದೆ. ವರ್ಷಗಟ್ಟಲೆ ಗಟ್ಟಿ ಅಡಿಕೆ ಕಡಿದವರ ದವಡೆ ಹಲ್ಲಿನಲ್ಲಿ ಸವೆತ, ಸೀಳು ಸಾಮಾನ್ಯ. ಅವರು ಸುಮ್ನೆ ಕಿಟ್ ತರಿಸಿಕೊಳ್ಳಬಾರದು.

ಅಡಿಕೆಯ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ನಮ್ಮ ಮನೆ ನಡೆಯುವುದೂ ತೋಟದಿಂದಲೇ. ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೂ ಎಲೆಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಾಯಿ ಮೊದಲಿನಷ್ಟು ತೆರೆಯಲು ಬಾರದಿದ್ದರೆ, ಖಾರ ತಿಂದರೆ ಒಳಗೆಲ್ಲ ಉರಿದರೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಬಿಳುಪಿನ ಯೋಚನೆ ಬದಿಗಿಟ್ಟು ಮೊದಲು ಬಾಯಿ ತೋರಿಸಿ. ಶಿವಮೊಗ್ಗದಲ್ಲಿ ಡೆಂಟಲ್ ಕಾಲೇಜೇ ಇದೆ. ದೂರ ಹೋಗಬೇಕಿಲ್ಲ.

ಬ್ಲೀಚಿಂಗಿನ ಜುಮ್ ಸಾಮಾನ್ಯವಾಗಿ ಹಲವು ಹಲ್ಲಿನಲ್ಲಿ ಒಟ್ಟಿಗೆ ಬರುತ್ತದೆ, ಬಂದು ಹೋಗುತ್ತದೆ. ಒಂದೇ ಹಲ್ಲು ನೋಯುತ್ತಿದ್ದರೆ ಅದು ಬೇರೆ ಕಥೆ. ತಣ್ಣೀರು ನುಂಗಿ ಒಂದು ನಿಮಿಷ ಕಳೆದರೂ ನೋವು ನಿಂತೇ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕಚ್ಚಿದಾಗ ಕುಕ್ಕಿದರೆ, ಊತ ಬಂದರೆ, ಜೆಲ್ ನಿಲ್ಲಿಸಿ ಎರಡು ವಾರವಾದರೂ ಕಡಿಮೆಯಾಗದಿದ್ದರೆ ಕಾಯಬೇಡಿ. ಹೋಗುವಾಗ ಬಳಸಿದ ಜೆಲ್ಲಿನ ಸಿರಿಂಜನ್ನೂ ಪೇಸ್ಟಿನ ಪೆಟ್ಟಿಗೆಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಎಷ್ಟು ಶೇಕಡಾ, ಎಷ್ಟು ದಿನ ಹಾಕಿದ್ದು ಅಂತ ಡಾಕ್ಟರು ಮೊದಲು ಕೇಳುವುದು ಅದನ್ನೇ.